ಶೇಷ ಉಳಿಯದ ಲಾಡು

ಹೋದ ವರ್ಷ ಒಂದೇ ಒಂದು ಲಾಡು ಉಳಿದದ್ದಕ್ಕೆ ಸಿರುಗುಪ್ಪದ ಮೈಲಾರಲಿಂಗಪ್ಪನವರ ರೈಸ್ ಮಿಲ್ಲಿನ ಮುಂದೆ ಲಾರಿಗಳು ವಾರಗಟ್ಟಲೆ ನಿಂತುಬಿಟ್ಟಿದ್ದವು. ಡ್ರೈವರುಗಳು ಲಾರಿಯ ನೆರಳಿನಲ್ಲೇ ಒಲೆ ಹೂಡಿ, ಬಟ್ಟೆ ಒಗೆದು ಹಗ್ಗಕ್ಕೆ ಹಾಕಿ, ಇಸ್ಪೀಟು ಆಡಿಕೊಂಡು ಸಂಸಾರ ನಡೆಸಿದ್ದರು. ಒಳಗೆ ಅಕ್ಕಿ ಮೂಟೆಗಳು ಸೂರು ಮುಟ್ಟಿದ್ದವು. ಅವನ್ನು ಹೊರಬೇಕಾದ ಹಮಾಲರು ಮಾತ್ರ ಬೇವಿನ ಮರದ ಕೆಳಗೆ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಕೂತಿದ್ದರು.

ನಡೆದದ್ದಿಷ್ಟು. ಆಯುಧಪೂಜೆಯ ದಿನ ಹಮಾಲರ ಗ್ಯಾಂಗುಗಳಿಗೆ ಸಿಹಿ ಹಂಚುವುದು ಆ ಮಿಲ್ಲಿನ ಹಳೆಯ ಪದ್ಧತಿ. ಹಂಚಿ ಉಳಿದದ್ದು ಯಾವ ಗ್ಯಾಂಗಿನ ಕೈಗೆ ಹೋಗುತ್ತದೋ ಆ ಗ್ಯಾಂಗಿಗೆ ವರ್ಷವಿಡೀ ಮೊದಲ ಲಾರಿ. ಮೊದಲ ಲಾರಿ ತುಂಬಿದವರು ತಂಪು ಹೊತ್ತಿನಲ್ಲೇ ಕೆಲಸ ಮುಗಿಸಿ ಮನೆ ಸೇರಬಹುದು. ಕೊನೆಯವರು ಮೂಟೆಯ ಜೊತೆ ಸಿರುಗುಪ್ಪದ ಮಧ್ಯಾಹ್ನದ ಬಿಸಿಲನ್ನೂ ಹೊರಬೇಕು. ಬೂಂದಿ ಕಾಳನ್ನು ಸೇರಿನಲ್ಲಿ ಅಳೆದು ಕೊಡುತ್ತಿದ್ದ ಕಾಲದಲ್ಲಿ ತಳದಲ್ಲಿ ಉಳಿದದ್ದನ್ನು ಎಲ್ಲರಿಗೂ ಚಿಟಿಕೆ ಚಿಟಿಕೆ ಹಾಕಿ ಮುಗಿಸುತ್ತಿದ್ದರು. ಹೋದ ವರ್ಷ ಸಾವ್ಕಾರರಿಗೆ ದೊಡ್ಡಸ್ತಿಕೆ ಬಂತು. ಬಳ್ಳಾರಿಯಿಂದ ಎರಡು ಸಾವಿರದ ಒಂದು ಲಾಡು ತರಿಸಿದರು. ಮದುವೆಯ ಮುಯ್ಯಿಯಿಂದ ಹಿಡಿದು ಗುಡಿಯ ದೇಣಿಗೆಯವರೆಗೆ ಎಲ್ಲಕ್ಕೂ ಶುಭವೆಂದು ಕೊನೆಗೊಂದು ಸೇರಿಸುವುದು ಅವರ ಅಭ್ಯಾಸ. ಬಂದಿದ್ದ ಎಂಟು ಗ್ಯಾಂಗಿಗೆ ಇನ್ನೂರ ಐವತ್ತರಂತೆ ಹಂಚಿದ ಮೇಲೆ ಆ ಶುಭದ ಒಂದು ತಟ್ಟೆಯಲ್ಲಿ ಉಳಿಯಿತು. ಹತ್ತಿರ ನಿಂತಿದ್ದ ಮುಂದಾಳು ಜಂಬಣ್ಣನ ಕೈಗೆ ಸಾವ್ಕಾರರು ಅದನ್ನು ಇಟ್ಟರು. ಎದುರು ನಿಂತಿದ್ದ ಇನ್ನೊಂದು ಗ್ಯಾಂಗಿನ ಮುಂದಾಳು ಎರ್ರಿ ಹೆಗಲ ಮೇಲಿನ ಟವೆಲ್ಲು ಕೊಡವಿ ಹೊರಗೆ ನಡೆದ. ಅವನ ಹಿಂದೆ ಉಳಿದವರೂ ನಡೆದರು.

ಈ ಜಗಳದಲ್ಲಿ ಗಣಿತದ ಮೇಷ್ಟ್ರು ತಿಪ್ಪೇಸ್ವಾಮಿಗೆ ಯಾವ ಕೆಲಸವೂ ಇರಲಿಲ್ಲ. ತಾನಾಗಿಯೇ ಹೋಗಿ ಸಿಕ್ಕಿಕೊಂಡ. ಸಾವ್ಕಾರರೇ ನಡೆಸುವ ಪಿಯು ಕಾಲೇಜಿನಲ್ಲಿ ಅವನು ಅತಿಥಿ ಉಪನ್ಯಾಸಕ. ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವುದು ಒಂಬತ್ತನೆಯ ವರ್ಷ. ಅಷ್ಟು ವರ್ಷ ಕೂತ ಅತಿಥಿಗೆ ಯಾರ ಮನೆಯಲ್ಲಾದರೂ ಒಂದು ಕೋಣೆ ಬಿಟ್ಟುಕೊಡುತ್ತಾರೆ. ಕಾಲೇಜು ಮಾತ್ರ ಪ್ರತಿ ಜೂನಿನಲ್ಲಿ ಹೊಸದಾಗಿ ಬನ್ನಿ ಅಂದು ಪ್ರತಿ ಮಾರ್ಚಿನಲ್ಲಿ ಹೋಗಿಬನ್ನಿ ಅನ್ನುತ್ತಿತ್ತು. ಕಾಯಂ ಆಗಬೇಕು ಎನ್ನುವುದೊಂದೇ ಅವನ ಆಸೆ. ನಿದ್ದೆಯಲ್ಲೂ ಅದನ್ನೇ ಕನವರಿಸುತ್ತಾನೆ ಎಂದು ಹೆಂಡತಿ ಕಾವೇರಿ ಓಣಿಗೆಲ್ಲ ಹೇಳಿದ್ದಳು.

ಒಂದು ದಿನ ಮಿಲ್ಲಿನ ಮ್ಯಾನೇಜರ್ ಅಯ್ಯಣ್ಣ ಕಾಲೇಜಿಗೆ ಬಂದವನು ಚಹಾ ಕುಡಿಯುತ್ತ ಈ ವರ್ಷದ ಲಾಡುವಿನ ಚಿಂತೆ ತೋಡಿಕೊಂಡ. ಹಬ್ಬಕ್ಕೆ ಎಷ್ಟು ಗ್ಯಾಂಗು ಬರುತ್ತವೆಂದು ಅವತ್ತಿನವರೆಗೆ ಗೊತ್ತಾಗುವುದಿಲ್ಲ. ಊರಿಗೆ ಹೋದವರು ಹೋದರು, ಬಂದವರು ಬಂದರು. ಆರಾಗಬಹುದು, ಒಂಬತ್ತಾಗಬಹುದು, ಹತ್ತರ ಮೇಲಂತೂ ಗ್ಯಾಂಗೇ ಇಲ್ಲ. ಪೂಜೆಗೆ ಇಟ್ಟ ಮೇಲೆ ಒಂದನ್ನೂ ಸೇರಿಸುವ ಹಾಗಿಲ್ಲ, ಒಂದನ್ನೂ ವಾಪಸ್ ಒಳಗೆ ಒಯ್ಯುವ ಹಾಗಿಲ್ಲ. ಒಡೆಯುವ ಹಾಗಂತೂ ಇಲ್ಲವೇ ಇಲ್ಲ. ಉಂಡೆ ಒಡೆದರೆ ಗ್ಯಾಂಗು ಒಡೆಯುತ್ತದೆಂದು ನಂಬಿಕೆ. ಅಯ್ಯಣ್ಣ ಇನ್ನೊಂದು ಮಾತನ್ನೂ ಹೇಳಿದ. ಪಾಲು ಹಿಡಿದವರು, ಮಿಲ್ಲಿನ ಅಂಗಳದಲ್ಲಿ ಆ ಲಾಡು ಬಾಯಿಗೆ ಹಾಕಿಕೊಂಡವರು ಮೂಟೆ ಹೊರಲೇಬೇಕು. ಅದಕ್ಕೇ ಸಾವ್ಕಾರರೂ ತಾನೂ ಅದನ್ನು ಮೂಸಿ ಕೂಡ ನೋಡುವುದಿಲ್ಲ. ಆದರೆ ಅಷ್ಟು ಹೊತ್ತಿಗೆ ತಿಪ್ಪೇಸ್ವಾಮಿ ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿಯಾಗಿತ್ತು.

ಬೋರ್ಡಿನ ಮೇಲೆ ಅವನು ಬರೆದದ್ದು ಒಂದೇ ಸಂಖ್ಯೆ: ೨೫೨೦. ಎರಡರಿಂದ ಭಾಗಿಸಿ, ಮೂರರಿಂದ ಭಾಗಿಸಿ, ಏಳರಿಂದ, ಎಂಟರಿಂದ, ಹತ್ತರಿಂದ ಭಾಗಿಸಿ. ಒಂದರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಸೊನ್ನೆ. ಇಂಥ ಗುಣವಿರುವ ಸಂಖ್ಯೆಗಳಲ್ಲಿ ಇದೇ ಎಲ್ಲಕ್ಕಿಂತ ಚಿಕ್ಕದು. ಒಂದೇ ಗ್ಯಾಂಗು ಬರಲಿ, ಹತ್ತೂ ಬರಲಿ, ತಟ್ಟೆ ಖಾಲಿ. ಅಯ್ಯಣ್ಣ ಕೈಬೆರಳಿನ ಮೇಲೆ, ಆಮೇಲೆ ಮೊಬೈಲಿನ ಮೇಲೆ ಲೆಕ್ಕ ಹಾಕಿ ನೋಡಿ, ಚಹಾ ಅರ್ಧಕ್ಕೇ ಬಿಟ್ಟು ಮೇಷ್ಟ್ರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸಾವ್ಕಾರರ ಹತ್ತಿರ ಓಡಿದ.

ಸಾವ್ಕಾರರು ಎಲ್ಲವನ್ನೂ ಕೇಳಿ ಮೆಚ್ಚಿದರು. ಮೆಚ್ಚಿ, ಶುಭಕ್ಕೆ ಇನ್ನೊಂದು ಸೇರಿಸಿ ಎರಡು ಸಾವಿರದ ಐನೂರ ಇಪ್ಪತ್ತೊಂದು ಮಾಡಿಬಿಡಿ ಅಂದರು. ತಿಪ್ಪೇಸ್ವಾಮಿ ಕುರ್ಚಿಯಿಂದ ಎದ್ದೇಬಿಟ್ಟ. ಆ ಒಂದು ಸೇರಿದರೆ ಎರಡರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಸರಿಯಾಗಿ ಒಂದು ಉಳಿಯುತ್ತದೆ, ಶೇಷವನ್ನು ನೀವೇ ಕೈಯಾರೆ ಸೇರಿಸಿದ ಹಾಗೆ ಎಂದು ವಿವರಿಸುವಷ್ಟರಲ್ಲಿ ಅವನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಸಾವ್ಕಾರರು ಮಾತು ಕೊಟ್ಟರು.

"ಆತು, ನಿಮ್ಮ ಲೆಕ್ಕದಂಗ ಆಗ್ಲಿ. ಒಂದೂ ಉಳೀಬಾರ್ದು, ಒಬ್ಬನೂ ಮುನಿಸ್ಕೋಬಾರ್ದು. ಹಂಗೇನಾರ ಆತಂದ್ರ ಅವತ್ತ ನಿಮ್ಮನ್ನ ಕಾಯಂ ಮಾಡ್ತೀನಿ ಮೇಷ್ಟ್ರೇ. ಉಳೀತಂದ್ರ ಮಾತ್ರ ಬರೋ ಜೂನಿಗೆ ನಮ್ಮ ಕಾಲೇಜಿನ ಕಡಿ ಬರಬ್ಯಾಡ್ರಿ."

ಆಯುಧಪೂಜೆಯ ದಿನ ಬೆಳಗ್ಗೆ ತಿಪ್ಪೇಸ್ವಾಮಿ ಕುರುಗೋಡಿನಿಂದ ಬಳ್ಳಾರಿಯ ಮೊದಲ ಬಸ್ಸಿಗೆ ಹೊರಟ. ಕಾವೇರಿ ಮಂಡಕ್ಕಿ ಒಗ್ಗರಣೆ ಮಾಡಿ ತಟ್ಟೆಗೆ ಹಾಕಿದ್ದಳು. ಅವನು ಅದನ್ನು ಮುಟ್ಟಲೂ ಇಲ್ಲ. ಹೊಸ್ತಿಲಲ್ಲೇ ಎದುರುಮನೆಯ ದುರುಗಮ್ಮ ಹಿಡಿದು ನಿಲ್ಲಿಸಿದಳು. ಓಣಿಯಲ್ಲಿ ಯಾರ ಮನೆಯ ಒಲೆಯ ಮೇಲೆ ಏನು ಬೇಯುತ್ತದೆಂದು ಆ ಮನೆಯವರಿಗಿಂತ ಮೊದಲು ಗೊತ್ತಿರುತ್ತಿದ್ದದ್ದು ಅವಳಿಗೆ. ಕಾಯಂ ಆದರೆ ಓಣಿಯ ಹನ್ನೆರಡೂ ಮನೆಗೆ ಸಿಹಿ ಹಂಚಬೇಕು, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಆಗಬಾರದು, ಗಣಿತದ ಮೇಷ್ಟ್ರಿಗೆ ಇದನ್ನೇನು ಹೇಳಿಕೊಡಬೇಕೇ ಎಂದು ಬಸ್ಸು ಹಾರ್ನ್ ಹೊಡೆಯುವವರೆಗೆ ಹೇಳಿದಳು. ಅವನು ಹೂಂ ಅಂದು ಓಡಿದ.

ಬಳ್ಳಾರಿಯ ಸಿಹಿ ಅಂಗಡಿಯಲ್ಲಿ ಲಾಡು ತಯಾರಿದ್ದವು. ಒಂದೊಂದರ ನೆತ್ತಿಗೂ ಒಂದೊಂದು ಲವಂಗ ಚುಚ್ಚಿ, ಟ್ರೇಗೆ ಅರವತ್ತರಂತೆ ನಲವತ್ತೆರಡು ಟ್ರೇಗಳಲ್ಲಿ ಜೋಡಿಸಿದ್ದರು. ತಿಪ್ಪೇಸ್ವಾಮಿ ಒಂದು ಸಲ ಎಣಿಸಿದ. ನಂಬಿಕೆ ಬಾರದೆ ಕೊನೆಯಿಂದ ಇನ್ನೊಂದು ಸಲ ಎಣಿಸಿದ. ಅಂಗಡಿಯವನು ರುಚಿ ನೋಡಿ ಎಂದು ಒಂದನ್ನು ಅಂಗೈಗೆ ಹಾಕಿದಾಗ ಬೆಂಕಿ ಕೆಂಡ ಬಿದ್ದವನ ಹಾಗೆ ವಾಪಸ್ ಕೊಟ್ಟು, ಅದು ಯಾವ ಟ್ರೇಯದು ಎಂಬ ಅನುಮಾನದಲ್ಲಿ ಮೂರನೆಯ ಸಲ ಎಣಿಸಿದ.

ಬಾಡಿಗೆಯ ಗೂಡ್ಸ್ ಗಾಡಿಯಲ್ಲಿ ಡ್ರೈವರನ ಪಕ್ಕ ಸೀಟಿದ್ದರೂ ಅವನು ಹಿಂದೆ ಟ್ರೇಗಳ ನಡುವೆಯೇ ಕೂತ. ದಾರಿಯುದ್ದಕ್ಕೂ ರೋಡ್ ಹಂಪು ಬಂದಲ್ಲೆಲ್ಲ ಎರಡೂ ಕೈ ಚಾಚಿ ಟ್ರೇಗಳನ್ನು ತಬ್ಬಿಕೊಂಡ. ಒಂದು ಕಡೆ ಚಹಾಕ್ಕೆ ನಿಲ್ಲಿಸಿದಾಗ ಡ್ರೈವರ್ ನಯವಾಗಿ, ಹಬ್ಬದ ದಿನ, ಒಂದು ಕೊಟ್ಟರೆ ಏನು ಹೋಗುತ್ತದೆ ಅಂದ. ತಿಪ್ಪೇಸ್ವಾಮಿ ಅವನಿಗೆ ಒಂದು ಹೋದರೆ ಏನೇನು ಹೋಗುತ್ತದೆಂದು ಎರಡರಿಂದ ಹತ್ತರವರೆಗೆ ಭಾಗಿಸಿ ತೋರಿಸಿದ. ಡ್ರೈವರ್ ಮತ್ತೆ ದಾರಿಯಲ್ಲಿ ಮಾತಾಡಲಿಲ್ಲ.

ಮಿಲ್ಲಿನ ಅಂಗಳ ತೊಳೆದು ರಂಗೋಲಿ ಹಾಕಿದ್ದರು. ತೂಕದ ಕಾಟಾಕ್ಕೆ ಬಾಳೆಕಂದು ಕಟ್ಟಿ, ಮೂಟೆ ಎತ್ತುವ ಕೊಕ್ಕೆಗಳನ್ನೆಲ್ಲ ಅದರ ಮೇಲೆ ಸಾಲಾಗಿ ಇಟ್ಟು ಕುಂಕುಮ ಹಚ್ಚಿದ್ದರು. ಅಯ್ಯಣ್ಣ ಎದುರು ಬಂದು ಹತ್ತಕ್ಕೆ ಹತ್ತೂ ಗ್ಯಾಂಗು ಬಂದಿವೆ, ಹೋದ ವರ್ಷದ ಜಗಳದ ಮೇಲೆ ಒಬ್ಬರೂ ಊರಿಗೆ ಹೋಗಿಲ್ಲ ಎಂದು ಒಂದೇ ಉಸಿರಿಗೆ ಹೇಳಿದ. ತಿಪ್ಪೇಸ್ವಾಮಿ ನಕ್ಕ. ಹತ್ತಾದರೆ ತಲಾ ಇನ್ನೂರ ಐವತ್ತೆರಡು. ಇಳಿಸುವಾಗ ಎಲ್ಲರಿಗೂ ಕೇಳುವಂತೆ ನಾಲ್ಕನೆಯ ಸಲ ಎಣಿಸಿ, ಒಂದೂ ಹೆಚ್ಚಿಲ್ಲ ಒಂದೂ ಕಡಿಮೆಯಿಲ್ಲ ಎಂದು ಮೈಕಿನಲ್ಲೇ ಸಾರಿದ. ಆಮೇಲೆ ಅದು ಅವನ ಕುತ್ತಿಗೆಗೇ ಬಂತು.

ಮಂಗಳಾರತಿ ಆಯಿತು. ಘಂಟೆಯ ಸದ್ದು ಇನ್ನೂ ನಿಂತಿರಲಿಲ್ಲ, ಗೇಟಿನಿಂದ ಹೆಂಗಸರ ಒಂದು ಗುಂಪು ಒಳಗೆ ಬಂತು. ಮುಂದೆ ಈರಮ್ಮ. ಮಿಲ್ಲಿನ ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಬಳಿದು, ಕೇರಿ, ಮತ್ತೆ ಮೂಟೆಗೆ ತುಂಬಿಸುವ ಹೆಂಗಸರು ಅವರು. ಎಲ್ಲರ ಕೈಯಲ್ಲೂ ತೊಳೆದು ಒಣಗಿಸಿದ ಕಸಬರಿಗೆ.

"ಸಾವ್ಕಾರ್ರೇ, ನಾವೂ ಒಂದು ಗ್ಯಾಂಗು ಅದೀವಿ," ಅಂದಳು ಈರಮ್ಮ. "ಇವ್ರು ಚೆಲ್ಲಿದ್ದನ್ನ ಕೂಡ್ಸೋರು ನಾವು. ಇಷ್ಟು ವರ್ಷ ನಮ್ಮನ್ನ ಯಾರೂ ಎಣಿಸಿಲ್ಲ."

ಹಬ್ಬದ ದಿನ, ಕೈಯಲ್ಲಿ ಮೈಕು, ಎದುರಿಗೆ ಅಂಗಳ ತುಂಬ ಜನ. ಸಾವ್ಕಾರರ ಮನಸ್ಸು ಹಿಗ್ಗಿತು. ಖರೇ ಮಾತು, ಇವತ್ತಿನಿಂದ ಇದು ನಮ್ಮ ಮಿಲ್ಲಿನ ಹನ್ನೊಂದನೆಯ ಗ್ಯಾಂಗು, ಹನ್ನೊಂದು ಪಾಲು ಮಾಡಿ ಎಂದು ಸಾರಿಬಿಟ್ಟರು. ಚಪ್ಪಾಳೆ ಬಿತ್ತು.

ತಿಪ್ಪೇಸ್ವಾಮಿ ನಿಂತಲ್ಲೇ ಭಾಗಿಸಿ ನೋಡಿದ. ಒಂದರಿಂದ ಹತ್ತರವರೆಗೆ ಯಾರಿಗೂ ಇಲ್ಲವೆನ್ನದ ಆ ಸಂಖ್ಯೆ ಹನ್ನೊಂದಕ್ಕೆ ಮಾತ್ರ ಬಾಗುವುದಿಲ್ಲ. ಇನ್ನೂರ ಇಪ್ಪತ್ತೊಂಬತ್ತು ಹನ್ನೊಂದಲೆ ಎರಡು ಸಾವಿರದ ಐನೂರ ಹತ್ತೊಂಬತ್ತು. ಉಳಿಯುವುದು ಒಂದು! ಎರಡಲ್ಲ, ಮೂರಲ್ಲ, ಹೋದ ವರ್ಷದ ಅದೇ ಒಂದು. ಹನ್ನೊಂದಕ್ಕೂ ಸರಿಹೋಗಬೇಕಿದ್ದರೆ ಇಪ್ಪತ್ತೇಳು ಸಾವಿರದ ಏಳುನೂರ ಇಪ್ಪತ್ತು ಲಾಡು ತರಬೇಕಿತ್ತು. ಅವನು ತಲೆಯೆತ್ತಿ ನೋಡಿದಾಗ ಜಂಬಣ್ಣ ಟ್ರೇಗಳ ಹತ್ತಿರಕ್ಕೆ ಒಂದು ಹೆಜ್ಜೆ ಸರಿದಿದ್ದ. ಅದನ್ನು ನೋಡಿ ಎರ್ರಿ ಎರಡು ಹೆಜ್ಜೆ ಸರಿದ. ಮುಂದಿನ ಜೂನು ತಿಪ್ಪೇಸ್ವಾಮಿಯ ಕಣ್ಣಿಗೆ ಕಟ್ಟಿತು.

ಟ್ರೇಗಳನ್ನು ಕಾಟಾದ ಮಗ್ಗುಲಲ್ಲಿ ಆಳೆತ್ತರ ಪೇರಿಸಿದ್ದರು. ಅದರ ಮರೆಗೆ ಹೋದರೆ ಯಾರಿಗೂ ಕಾಣುವುದಿಲ್ಲ. ಒಂದು ಲಾಡು ಇಲ್ಲವಾದರೆ ಎಲ್ಲ ಸರಿ, ಎಲ್ಲ ಸಮ, ತಾನು ಕಾಯಂ. ಜೇಬಿಗೆ ಹಾಕಿಕೊಂಡರೆ ಉಬ್ಬು ಕಾಣುತ್ತದೆ. ತಿಪ್ಪೇಸ್ವಾಮಿ ಹುಟ್ಟಿದಂದಿನಿಂದ ಯಾರ ಹೊಲದ ಕಡಲೆಗಿಡವನ್ನೂ ಕಿತ್ತವನಲ್ಲ. ಅವನು ಕಣ್ಣು ಮುಚ್ಚಿ, ಮೇಲಿನ ಟ್ರೇಯ ಮೂಲೆಯದನ್ನು ಎತ್ತಿ, ಇಡಿಯಾಗಿ ಬಾಯೊಳಗೆ ಇಟ್ಟುಕೊಂಡ. ಲವಂಗ ನಾಲಿಗೆಗೆ ಚುಚ್ಚಿತು. ಅದನ್ನು ಕಾಟಾದ ಹಿಂದೆ ಉಗಿದ.

ಅಷ್ಟರಲ್ಲಿ ಮೈಕಿನಲ್ಲಿ ಅವನ ಹೆಸರು ಕೇಳಿತು. ಹನ್ನೊಂದು ಪಾಲಿಗೆ ತಲಾ ಎಷ್ಟು ಬರುತ್ತದೆಂದು ಮೇಷ್ಟ್ರು ಬಂದು ಹೇಳಬೇಕಂತೆ. ಬೆಳಗಿನಿಂದ ಖಾಲಿ ಇದ್ದ ಹೊಟ್ಟೆ, ಒಣಗಿದ ಗಂಟಲು, ಬಾಯಿ ತುಂಬ ಬಳ್ಳಾರಿ ಲಾಡು. ಅದು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಅವನು ಮುಂದೆ ಬಂದು ತುಟಿ ಬಿಗಿಹಿಡಿದು ಎರಡು ಬೆರಳು ತೋರಿಸಿದ, ಮತ್ತೆ ಎರಡು ಬೆರಳು, ಆಮೇಲೆ ಒಂಬತ್ತು ಬೆರಳು. ಕಣ್ಣಲ್ಲಿ ನೀರು ತುಂಬಿತ್ತು. ಮೇಷ್ಟ್ರು ಎಷ್ಟು ಭಕ್ತಿಯಿಂದ ಮೌನವ್ರತ ಹಿಡಿದಿದ್ದಾರೆ ನೋಡಿ ಎಂದು ಯಾರೋ ಹಿಂದಿನವರು ಮೆಚ್ಚಿಕೊಂಡರು.

ಕೊನೆಗೂ ಲಾಡು ಹೊಟ್ಟೆಗೆ ಇಳಿಯಿತು. ಇಳಿದ ಸಮಾಧಾನದಲ್ಲಿ ಅವನು ನೀರಿನ ಚೊಂಬಿಗೆ ಕೈ ಹಾಕಿದಾಗ, ಪಕ್ಕದಲ್ಲಿ ಅಯ್ಯಣ್ಣ ಈರಮ್ಮನಿಗೆ ಮಿಲ್ಲಿನ ಪದ್ಧತಿಯನ್ನು ತಿಳಿಸಿ ಹೇಳುತ್ತಿದ್ದ. ಪಾಲು ಹಿಡಿದ ಗ್ಯಾಂಗು ಮೂಟೆ ಹೊರಬೇಕು, ಹಿಂದಿನಿಂದ ಬಂದದ್ದು, ಯಾರಿಗೂ ರಿಯಾಯಿತಿ ಇಲ್ಲ. ಈರಮ್ಮ ತನ್ನ ಹೆಂಗಸರ ಕಡೆ ತಿರುಗಿ ನೋಡಿದಳು. ಅವರು ಅಲ್ಲಿಂದಲೇ ಬೇಡವೆಂದು ತಲೆ ಆಡಿಸಿದರು.

"ನಾವು ಲಾಡು ಕೇಳಾಕ ಬಂದಿಲ್ರಿ ಯಪ್ಪಾ," ಅಂದಳು ಈರಮ್ಮ. "ಒಂದು ಉಂಡಿ ತಿಂದು ವರ್ಷಗಟ್ಟಲೆ ಮೂಟಿ ಹೊರಾಕ ನಮಗೇನು ಹುಚ್ಚ? ಪಾಲು ಬ್ಯಾಡ. ಆ ಕೊಕ್ಕಿ ಜತಿಗೆ ನಮ್ಮ ಕಸಬರಿಗೀನೂ ಪೂಜಿಗೆ ಇಡ್ರಿ, ಅಷ್ಟ ಸಾಕು."

ಸಾವ್ಕಾರರು ಸಂತೋಷದಿಂದ ಒಪ್ಪಿದರು. ಹಾಗಾದರೆ ಮೊದಲಿನಂತೆ ಹತ್ತೇ ಪಾಲು ಎಂದು ಅಪ್ಪಣೆಯಾಯಿತು.

ತಿಪ್ಪೇಸ್ವಾಮಿಯ ಕೈಯಿಂದ ಚೊಂಬು ಜಾರಿ ಬಿತ್ತು. ಎರಡು ಸಾವಿರದ ಐನೂರ ಹತ್ತೊಂಬತ್ತು! ಹತ್ತರಿಂದ ಭಾಗಿಸಿದರೆ ಒಂಬತ್ತು ಉಳಿಯುತ್ತದೆ. ಒಂಬತ್ತರಿಂದ ಭಾಗಿಸಿದರೆ ಎಂಟು. ಎಂಟರಿಂದ ಏಳು, ಏಳರಿಂದ ಆರು. ಹೀಗೆ ಇಳಿದಿಳಿದು ಎರಡರಿಂದ ಭಾಗಿಸಿದರೂ ಒಂದು. ಎಲ್ಲರಿಗೂ ಸಮನಾಗಿ ಬರುತ್ತಿದ್ದ ಸಂಖ್ಯೆಯಿಂದ ಒಂದನ್ನು ಅವನು ತಿಂದದ್ದೇ ತಡ, ಅದು ಎರಡರಿಂದ ಹತ್ತರವರೆಗೆ ಎಷ್ಟು ಪಾಲು ಮಾಡಿದರೂ ಸರಿಯಾಗಿ ಒಂದು ಕಡಿಮೆ ಬೀಳುವ ಸಂಖ್ಯೆಯಾಗಿ ಕೂತಿತ್ತು. ಎರಡು ಗ್ಯಾಂಗಿನವರು ಮುನಿದು ಎದ್ದುಹೋದರೂ ಉಪಯೋಗವಿಲ್ಲ. ಒಂಬತ್ತು ಗ್ಯಾಂಗಿನವರು ಎದ್ದುಹೋಗಬೇಕು.

ಹಂಚಿಕೆ ನಡೆಯಿತು. ಹತ್ತು ಬುಟ್ಟಿಗೂ ಇನ್ನೂರ ಐವತ್ತೊಂದರಂತೆ ಬಿದ್ದವು. ಕೊನೆಯ ಸುತ್ತಿಗೆ ಒಂಬತ್ತು ಬುಟ್ಟಿಗೆ ಒಂದೊಂದು ಹಾಕುವಷ್ಟು ಲಾಡು ಉಳಿದಿದ್ದವು, ಹತ್ತನೆಯ ಬುಟ್ಟಿಗೆ ಇರಲಿಲ್ಲ. ಅಯ್ಯಣ್ಣ ಖಾಲಿ ಟ್ರೇಯನ್ನು ತಿರುವಿ ಹಾಕಿ ನೋಡಿದ. ಕಡಿಮೆ ಸಿಕ್ಕ ಗ್ಯಾಂಗಿಗೆ ವರ್ಷವಿಡೀ ಕೊನೆಯ ಲಾರಿ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಎರ್ರಿಯ ಕೈ ಹೆಗಲ ಮೇಲಿನ ಟವೆಲ್ಲಿಗೆ ಹೋಯಿತು. ಈ ಸಲ ಜಂಬಣ್ಣನ ಕೈಯೂ ಹೋಯಿತು.

ಸಾವ್ಕಾರರು ಮೇಷ್ಟ್ರ ಮುಖ ನೋಡಿದರು. ಅಂಗಡಿಯವನು ಕಡಿಮೆ ಕೊಟ್ಟಿರಬೇಕು ಎಂದು ತಿಪ್ಪೇಸ್ವಾಮಿ ತೊದಲಿದ. ನೀವೇ ತಾನೆ ಎಣಿಸಿ ಮೈಕಿನಲ್ಲಿ ಹೇಳಿದ್ದು ಎಂದು ಹತ್ತು ಗ್ಯಾಂಗಿನವರೂ ಒಟ್ಟಿಗೆ ಕೇಳಿದರು. ಅವನಿಗೆ ಬಿಕ್ಕಳಿಕೆ ಹತ್ತಿತು.

ಆ ಹೊತ್ತಿಗೆ ಸರಿಯಾಗಿ ಈರಮ್ಮನ ಕಸಬರಿಗೆಯ ಪೂಜೆ ಮುಗಿದಿತ್ತು. ಪೂಜೆಯಾದ ಕೊಕ್ಕೆಯಿಂದ ಒಂದು ಮೂಟೆ ಎತ್ತುವುದು ಶಾಸ್ತ್ರವಾದರೆ, ಪೂಜೆಯಾದ ಕಸಬರಿಗೆಯಿಂದ ಒಂದು ಗುಡಿಸುವುದೂ ಶಾಸ್ತ್ರವೇ ಅಲ್ಲವೆ? ಅವಳು ಸೆರಗು ಸೊಂಟಕ್ಕೆ ಸಿಗಿಸಿ ಕಾಟಾದ ಹಿಂದಿನಿಂದ ಶುರು ಮಾಡಿದಳು. ಎರಡನೆಯ ಬೀಸಿಗೇ ನಿಂತು, ಬಗ್ಗಿ ಏನನ್ನೋ ಹೆಕ್ಕಿದಳು. ಬಂದು ಸಾವ್ಕಾರರ ಅಂಗೈ ಮೇಲೆ ಇಟ್ಟಳು. ಒಂದು ಲವಂಗ, ಅದಕ್ಕೆ ಅಂಟಿಕೊಂಡ ನಾಲ್ಕು ಬೂಂದಿ ಕಾಳು, ಇನ್ನೂ ಒದ್ದೆಯಾಗಿದ್ದವು.

ಸಾವ್ಕಾರರು ಲವಂಗವನ್ನು ನೋಡಿದರು, ಆಮೇಲೆ ಸುತ್ತ ನೋಡಿದರು. ಇಡೀ ಅಂಗಳದಲ್ಲಿ ಬಿಕ್ಕಳಿಸುತ್ತಿದ್ದವನು ಒಬ್ಬನೇ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ತಿಪ್ಪೇಸ್ವಾಮಿ ತಲೆ ತಗ್ಗಿಸಿ, ಬಿಕ್ಕಳಿಕೆಯ ನಡುವೆ ತುಂಡು ತುಂಡಾಗಿ, ಹನ್ನೊಂದು ಪಾಲಾದರೆ ಒಂದು ಉಳಿಯುತ್ತಿತ್ತು, ಜಗಳವಾಗಬಾರದೆಂದು ತಾನೇ ತಿಂದೆ ಎಂದು ಒಪ್ಪಿಕೊಂಡ. ನಾಚಿಕೆಯಿಂದ ಅವನಿಗೆ ಅಲ್ಲೇ ಭೂಮಿಗೆ ಇಳಿದುಹೋಗಬೇಕು ಅನ್ನಿಸಿತು.

ಯಾರಾದರೂ ಬೈಯುತ್ತಾರೆಂದು ಕಾದ. ಯಾರೂ ಬೈಯಲಿಲ್ಲ. ಒಂದು ವರ್ಷದಿಂದ ಮಾತು ಬಿಟ್ಟಿದ್ದ ಜಂಬಣ್ಣನೂ ಎರ್ರಿಯೂ ಒಬ್ಬರ ಕಿವಿಯಲ್ಲಿ ಒಬ್ಬರು ಏನೋ ಹೇಳಿಕೊಂಡರು. ಆಮೇಲೆ ಜಂಬಣ್ಣ ಬಂದು ಬಹಳ ಮರ್ಯಾದೆಯಿಂದ ಕೇಳಿದ.

"ಮೇಷ್ಟ್ರೇ, ಒಂದು ಲೆಕ್ಕ ಹೇಳ್ರಿ. ಈಗ ಇರೋ ಲಾಡು ಹನ್ನೊಂದು ಪಾಲು ಮಾಡಿದ್ರ?"

ಲೆಕ್ಕವೆಂದರೆ ತಿಪ್ಪೇಸ್ವಾಮಿಗೆ ಮಿಕ್ಕದ್ದೆಲ್ಲ ಮರೆತುಹೋಗುತ್ತಿತ್ತು. ಬಿಕ್ಕಳಿಕೆ ಕೂಡ ನಿಂತಿತು. ಕಣ್ಣು ಅರಳಿತು.

"ಸರಿಯಾಗಿ ಬರ್ತೈತಿ! ತಲಾ ಇನ್ನೂರ ಇಪ್ಪತ್ತೊಂಬತ್ತು. ಶೇಷ ಸೊನ್ನಿ. ಒಂದೂ ಉಳಿಯಂಗಿಲ್ಲ!"

"ಹಂಗಾದ್ರ ಮುಗೀತು," ಅಂದ ಜಂಬಣ್ಣ. "ಅಂಗಳದಾಗ ಲಾಡು ತಿಂದೋರು ಮೂಟಿ ಹೊರಬೇಕು. ನೀವು ತಿಂದೀರಿ. ನೀವ ಹನ್ನೊಂದನೇ ಗ್ಯಾಂಗು."

"ಉಳಿಯೋ ಒಂದು ಯಾರಿಗೆ ಸಿಕ್ತೈತೋ ಅವ್ರಿಗೆ ಮೊದಲ ಲಾರಿ," ಎರ್ರಿ ಜಂಬಣ್ಣನ ಕಡೆ ಬೆರಳು ಮಾಡಿ ಸೇರಿಸಿದ. "ಅದನ್ನೂ ನೀವ ತಿಂದೀರಿ. ಹೆಂಗೂ ಇವ್ನಿಗೆ ಹೋಗಿಲ್ಲ, ನಂದೇನೂ ತಕರಾರಿಲ್ಲ."

ಅಯ್ಯಣ್ಣ ಅಂದು ಕಾಲೇಜಿನಲ್ಲಿ ಬೋರ್ಡಿನ ಕಡೆ ತಿರುಗಿದವನ ಬೆನ್ನಿಗೆ ಹೇಳಿದ ಮಾತು ಈಗ ತಿಪ್ಪೇಸ್ವಾಮಿಯ ಕಿವಿಗೆ ತಲುಪಿತು. ಅವನು ಸಾವ್ಕಾರರ ಕಡೆ ತಿರುಗಿ, ತಾನು ಗಣಿತದ ಮನುಷ್ಯ, ತನಗೆ ಕಾಯಂ ಮಾಡುವ ಮಾತು ಕೊಟ್ಟಿದ್ದೀರಿ ಎಂದು ಕೈ ಮುಗಿದ. ಸಾವ್ಕಾರರು ಹಂಚಿಕೆ ಸರಿಹೋದ ಖುಷಿಯಲ್ಲಿದ್ದರು.

"ಒಂದೂ ಉಳೀಲಿಲ್ಲ, ಒಬ್ಬನೂ ಮುನಿಸ್ಕೊಳ್ಳಿಲ್ಲ. ನಾ ಮಾತಿಗೆ ತಪ್ಪೋನಲ್ಲ," ಅಂದರು. "ಕಾಲೇಜಿನ್ಯಾಗ ನೀವು ಅತಿಥಿ. ಗ್ಯಾಂಗಿಗೆ ಸೇರಿದ್ರ ಕಾಯಂ. ನಾನ ಬ್ಯಾಡಂದ್ರೂ ತೆಗಿಯಾಕ ಬರಂಗಿಲ್ಲ. ಎರಡು ಕಡಿ ಇರಾಕ ಮಾತ್ರ ಆಗಂಗಿಲ್ಲ ನೋಡ್ರಿ ಮೇಷ್ಟ್ರೇ."

ಶಾಸ್ತ್ರದ ಮೊದಲ ಲಾರಿ ಆಗಲೇ ಹಿಂದಿನ ಹಲಗೆ ಇಳಿಸಿಕೊಂಡು ನಿಂತಿತ್ತು. ಮೊದಲ ಗ್ಯಾಂಗಿನ ಮೂಟೆಯನ್ನು ಬೇರೆ ಗ್ಯಾಂಗು ಮುಟ್ಟುವ ಹಾಗಿಲ್ಲ, ಹಾಗಾಗಿ ಹತ್ತೂ ಗ್ಯಾಂಗಿನವರು ಬೇವಿನ ನೆರಳಲ್ಲಿ ಲಾಡು ತಿನ್ನುತ್ತ ಕೂತು ಹನ್ನೊಂದನೆಯ ಗ್ಯಾಂಗನ್ನು ಹುರಿದುಂಬಿಸಿದರು. ಕೊಕ್ಕೆ ಹಿಡಿಯುವ ರೀತಿಯನ್ನು ಎರ್ರಿ ಕೂತಲ್ಲಿಂದಲೇ ಹೇಳಿಕೊಟ್ಟ. ಮೂರನೆಯ ಮೂಟೆಗೆ ತಿಪ್ಪೇಸ್ವಾಮಿಯ ಬೆನ್ನು ಲಟಕ್ಕೆಂದಿತು. ಇವತ್ತಿಗೆ ಶಾಸ್ತ್ರ ಸಾಕು, ಉಳಿದದ್ದು ನಾಳೆ ಬೆಳಕು ಹರಿಯುವ ಮುಂಚೆ ಬಂದು ತುಂಬಿ ಎಂದು ಜಂಬಣ್ಣ ಉದಾರವಾಗಿ ಬಿಟ್ಟುಕೊಟ್ಟ.

ಕುರುಗೋಡಿನ ಬಸ್ಸಿನಲ್ಲಿ ಕೂರಲಾರದೆ ಕಂಬಿ ಹಿಡಿದು ನಿಂತಿದ್ದಾಗ ಕಾವೇರಿಯ ಫೋನು ಬಂತು. ಕಾಯಂ ಆಯಿತೇ ಎಂದು ಅವಳು ಕೇಳಿದಳು. ತಿಪ್ಪೇಸ್ವಾಮಿ ಸುಳ್ಳು ಹೇಳುವವನಲ್ಲ. ಆಯಿತು ಅಂದ. ಮುಂದಿನದನ್ನು ಹೇಳುವ ಮೊದಲೇ ಆ ಕಡೆಯಿಂದ ಅವಳು ದುರುಗಮ್ಮನನ್ನು ಕೂಗಿದ್ದು ಕೇಳಿಸಿತು.

ಸಂಜೆ ಅವನು ಬಗ್ಗಿದ ಬೆನ್ನಿನ ಮೇಲೆ ತನ್ನ ಪಾಲಿನ ಲಾಡುವಿನ ಚೀಲ ಹೊತ್ತು ಓಣಿಗೆ ಕಾಲಿಟ್ಟಾಗ ಹನ್ನೆರಡೂ ಮನೆಯವರು ಬಾಗಿಲಲ್ಲಿ ನಿಂತಿದ್ದರು. ಕಾವೇರಿ ಹಬ್ಬದ ಸೀರೆ ಉಟ್ಟು ಆರತಿ ಹಿಡಿದಿದ್ದಳು. ಅವನು ನಡೆದದ್ದನ್ನು ಹೇಳುವ ಮೊದಲೇ ದುರುಗಮ್ಮ ಚೀಲ ಇಳಿಸಿಕೊಂಡು ಕಟ್ಟೆಯ ಮೇಲೆ ಸುರಿದಳು. ಹೇಳಿದ್ದು ನೆನಪಿದೆಯಲ್ಲ, ಎಲ್ಲರಿಗೂ ಸಮ, ನಮ್ಮದು ಮೊದಲ ಮನೆ ಅಂತ ಒಂದು ಹೆಚ್ಚು ಬಿದ್ದರೆ ಮಾತ್ರ ತೆಗೆದುಕೊಳ್ಳುತ್ತೇನೆ ಅಂದಳು. ಓಣಿಯ ಆ ತುದಿಯಿಂದ, ಈ ಕಡೆಯಿಂದ ಎಣಿಸಿದರೆ ನಮ್ಮದು ಮೊದಲ ಮನೆ ಎಂದು ಇನ್ನೊಂದು ದನಿ ಬಂತು.

ತಿಪ್ಪೇಸ್ವಾಮಿ ಕಟ್ಟೆಯ ಮೇಲಿನ ರಾಶಿಯನ್ನೇ ನೋಡಿದ. ಇನ್ನೂರ ಇಪ್ಪತ್ತೊಂಬತ್ತು. ಮಿಲ್ಲಿನಲ್ಲಿ ಅಷ್ಟು ಹೊತ್ತು ಆ ಸಂಖ್ಯೆಯನ್ನು ಬಾಯಲ್ಲೂ ಬೆರಳಲ್ಲೂ ಹೇಳಿದ್ದವನಿಗೆ ಅದರ ಗುಣ ಹೊಳೆದಿರಲಿಲ್ಲ. ಎರಡರಿಂದ ಹೋಗದು, ಮೂರರಿಂದ ಹೋಗದು, ಏಳರಿಂದ, ಹನ್ನೊಂದರಿಂದ, ಹದಿಮೂರರಿಂದ ಯಾವುದರಿಂದಲೂ ಹೋಗದು. ಅದು ಅವಿಭಾಜ್ಯ. ಓಣಿಯಲ್ಲಿ ಒಂದೇ ಮನೆ ಇರಬೇಕು, ಇಲ್ಲವಾದರೆ ಇನ್ನೂರ ಇಪ್ಪತ್ತೊಂಬತ್ತು ಮನೆ ಇರಬೇಕು. ಹನ್ನೆರಡರಿಂದ ಭಾಗಿಸಿದರೆ ತಲಾ ಹತ್ತೊಂಬತ್ತು. ಉಳಿಯುವುದು ಎಷ್ಟೆಂದು ತಿಳಿದು ಅವನು ಗೋಡೆ ಹಿಡಿದುಕೊಂಡ.

ಅವನ ಪೆಚ್ಚು ಮುಖ ನೋಡಿ ಕಾವೇರಿಗೆ ಕನಿಕರ ಬಂತು. ಅವಳೂ ಬೆರಳು ಮಡಿಚಿ ಲೆಕ್ಕ ಹಾಕಿ ಆಗಿತ್ತು.

"ಒಂದು ಉಳೀತೈತಿ ಅಂತ ಯಾಕ ಇಷ್ಟು ಚಿಂತಿ ಮಾಡ್ತೀರಿ?" ಎಂದು ನಕ್ಕು ಒಂದು ಲಾಡು ಎತ್ತಿ ಗಂಡನ ಬಾಯಿಯ ಹತ್ತಿರ ತಂದಳು. "ಅದನ್ನ ನೀವ ತಿಂದುಬಿಡ್ರಿ. ಎಲ್ಲಾ ಸರಿ ಹೋಗ್ತೈತಿ."

ತಿಪ್ಪೇಸ್ವಾಮಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಮುರಿದ ಬೆನ್ನನ್ನೂ ಮರೆತು ಬಂದ ದಾರಿಯಲ್ಲೇ ಬಸ್ ಸ್ಟ್ಯಾಂಡಿನ ಕಡೆ ಓಡತೊಡಗಿದ.